ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದವರಿಗೆ ಬ್ರಿಸ್ಬೇನ್‌ನಲ್ಲಿ ಸನ್‌ಸ್ಕ್ರೀನ್ ಬೇಕೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಬಳ್ಳಾರಿಯವರು. ಹತ್ತು ತಿಂಗಳ ಹಿಂದೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದಿದ್ದೇವೆ. ಊರಿನಲ್ಲಿ 42 ಡಿಗ್ರಿ ಬಿಸಿಲು ಕಂಡವರು ನಾವು. ಇಲ್ಲಿ 28 ಡಿಗ್ರಿಗೇ ಎಲ್ಲರೂ ಕ್ರೀಮ್ ಬಳಿದುಕೊಂಡು ಓಡಾಡುತ್ತಾರೆ. ಟೋಪಿ ಮರೆತರೆ 8 ವರ್ಷದ ಮಗಳನ್ನು ಶಾಲೆಯಲ್ಲಿ ಆಟಕ್ಕೇ ಬಿಡುವುದಿಲ್ಲ. ನಮ್ಮದು ಕಂದು ಚರ್ಮ, ನಮಗೂ ಇದೆಲ್ಲ ಬೇಕೇ? ಬಸುರಿನಲ್ಲಿ ಕೆನ್ನೆ ಮೇಲೆ ಬಂದ ಬಂಗು ಇಲ್ಲಿ ಇನ್ನಷ್ಟು ಕಪ್ಪಾಗಿದೆ. ನಾನು ಬಿಸಿಲಿಗೆ ಹೋಗುವುದೇ ಕಡಿಮೆ, ಎಲ್ಲ ಓಡಾಟವೂ ಕಾರಿನಲ್ಲಿ. ಊರಿನ ಮೆಡಿಕಲ್ ಶಾಪ್‌ನಿಂದ ತಂದ ಕ್ರೀಮ್ ಹಚ್ಚಿದರೆ ತಿಳಿಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಇಲ್ಲಿನ ಜಿಪಿ (ಕುಟುಂಬ ವೈದ್ಯರು) ರಕ್ತಪರೀಕ್ಷೆ ಮಾಡಿಸಿ, ವಿಟಮಿನ್ ಡಿ 38 ಇದೆ, ಕಡಿಮೆ, ಸ್ವಲ್ಪ ಬಿಸಿಲಿಗೆ ಹೋಗಿ ಎಂದರು. ಶಾಲೆಯವರು ಮುಚ್ಚಿಕೊಳ್ಳಿ ಅನ್ನುತ್ತಾರೆ, ಡಾಕ್ಟರು ಬಿಸಿಲಿಗೆ ಹೋಗಿ ಅನ್ನುತ್ತಾರೆ! ಯಜಮಾನರಿಗೆ ಛಾವಣಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ. ಸಂಜೆ ಬರುವಾಗ ಕಣ್ಣು ಕೆಂಪಗಿರುತ್ತದೆ. ಮಗುವನ್ನು ನೋಡಿಕೊಳ್ಳಲು ಬಂದಿರುವ ನಮ್ಮತ್ತೆ, 5 ತಿಂಗಳ ಮಗನಿಗೆ ಎಣ್ಣೆ ತಿಕ್ಕಿ ಎಳೆಬಿಸಿಲಿನಲ್ಲಿ ಮಲಗಿಸಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಶಾಲೆಯವರು ಹೇಳಿದ್ದೂ ಸರಿ, ಜಿಪಿ ಹೇಳಿದ್ದೂ ಸರಿ. ಅತ್ತೆಯವರ ಮಾತಿನಲ್ಲೂ ಅರ್ಧ ಸರಿಯಿದೆ. ಗೊಂದಲ ಹುಟ್ಟುವುದು ಬಿಸಿಲು ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಹೇಳುವುದರಿಂದ. ಮೊದಲು ಅವೆರಡನ್ನು ಬಿಡಿಸೋಣ. ಆಮೇಲೆ ನಿಮ್ಮ ಮನೆಯ ಒಬ್ಬೊಬ್ಬರಿಗೂ ಉತ್ತರ ಬೇರೆಯಾಗುತ್ತದೆ.

ಮೈಗೆ ಗೊತ್ತಾಗುವುದು ಬಿಸಿಲಿನ ಕಾವು. ಚರ್ಮಕ್ಕೆ ಪೆಟ್ಟು ಕೊಡುವುದು ಅತಿನೇರಳೆ ಕಿರಣ, ಅಂದರೆ ಯುವಿ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯೂ ಅನ್ನಿಸುವುದಿಲ್ಲ. ಬಳ್ಳಾರಿಯಲ್ಲಿ ಮೇ ತಿಂಗಳ ಸಂಜೆ ನಾಲ್ಕೂವರೆಗೆ ನೆಲ ಕಾದ ಹೆಂಚಿನಂತಿರುತ್ತದೆ, ಆದರೆ ಸೂರ್ಯ ಓರೆಯಾಗಿರುವುದರಿಂದ ಯುವಿ ಆಗಲೇ ಇಳಿದುಹೋಗಿರುತ್ತದೆ. ಬ್ರಿಸ್ಬೇನ್‌ನಲ್ಲಿ ಜನವರಿಯ ಬೆಳಿಗ್ಗೆ ಒಂಬತ್ತೂವರೆಗೆ ಸಮುದ್ರದ ಗಾಳಿ ಬೀಸುತ್ತಿರುತ್ತದೆ, 27 ಡಿಗ್ರಿ, ಹಾಯೆನಿಸುತ್ತದೆ. ಅದೇ ಹೊತ್ತಿಗೆ, ಯುವಿ ಎಷ್ಟು ಜೋರಾಗಿದೆ ಎಂದು ಹೇಳುವ ಯುವಿ ಸೂಚ್ಯಂಕ 8ರ ಆಸುಪಾಸಿಗೆ, ಅಂದರೆ ಅತಿ ಹೆಚ್ಚಿನ ಮಟ್ಟಕ್ಕೆ ಏರಿರುತ್ತದೆ. ಆದ್ದರಿಂದ ಸೆಕೆ ನೋಡಿ ಬಿಸಿಲನ್ನು ಅಳೆಯುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ.

ಹಾಗೆಂದು ನಮ್ಮೂರಿನ ಬಿಸಿಲಿನಲ್ಲಿ ಯುವಿ ಇರಲಿಲ್ಲ ಎಂದುಕೊಳ್ಳಬೇಡಿ. ಮಾರ್ಚ್‌ನಿಂದ ಮೇವರೆಗೆ ಕರ್ನಾಟಕದಲ್ಲೂ ನಡುಮಧ್ಯಾಹ್ನ ಸೂಚ್ಯಂಕ 11 ದಾಟುತ್ತದೆ. ದೊಡ್ಡ ವ್ಯತ್ಯಾಸ ಇರುವುದು ಬದುಕುವ ರೀತಿಯಲ್ಲಿ. ಬಳ್ಳಾರಿಯ ಕಾವು ನಿಮ್ಮನ್ನು ಒಳಗೆ ಅಟ್ಟುತ್ತಿತ್ತು. ಹನ್ನೆರಡಕ್ಕೆ ಬಾಗಿಲು ಮುಚ್ಚಿ, ಹೊರಗಿನ ಕೆಲಸವನ್ನೆಲ್ಲ 'ಬಿಸಿಲಿಳಿದ ಮೇಲೆ' ಇಟ್ಟುಕೊಳ್ಳುತ್ತಿದ್ದಿರಿ. ಅನಿವಾರ್ಯವಾಗಿ ಹೋದರೂ ತಲೆ ಮೇಲೆ ಸೆರಗೋ ಟವೆಲೋ ಇರುತ್ತಿತ್ತು. ಬ್ರಿಸ್ಬೇನ್‌ನಲ್ಲಿ ಕಾವು ಅಟ್ಟುವುದಿಲ್ಲ. ಶನಿವಾರ ಬೆಳಿಗ್ಗೆ ಮಕ್ಕಳ ಕ್ರಿಕೆಟ್, ಮಧ್ಯಾಹ್ನ ಪಾರ್ಕಿನಲ್ಲಿ ಬಾರ್ಬೆಕ್ಯೂ, ಭಾನುವಾರ ಗೋಲ್ಡ್ ಕೋಸ್ಟ್‌ನ ಮರಳು. ಊರಿನಲ್ಲಿ ಒಂದು ತಿಂಗಳು ಮೈಮೇಲೆ ಬಿದ್ದಷ್ಟು ನಡುಹಗಲಿನ ಬಿಸಿಲು ಅಲ್ಲಿ ಒಂದೇ ವಾರಾಂತ್ಯದಲ್ಲಿ ಬಿದ್ದರೆ ಆಶ್ಚರ್ಯವಿಲ್ಲ. ಆಕಾಶದ ಕಾರಣಗಳೂ ಸೇರುತ್ತವೆ. ಅಲ್ಲಿನ ಗಾಳಿಯಲ್ಲಿ ಧೂಳು-ಹೊಗೆ ಕಡಿಮೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ಸರಿಯಾಗಿ ಅಲ್ಲಿನ ಬೇಸಿಗೆಯಲ್ಲಿ. ಜುಲೈಗೆ ಹೋಲಿಸಿದರೆ ಆಗ ಸುಮಾರು 7 ಶೇಕಡಾ ಹೆಚ್ಚು ಸೌರಶಕ್ತಿ ಬೀಳುತ್ತದೆ.

ಅಳತೆಗೋಲು ಸರಳವಾಗಿದೆ. ಸೂಚ್ಯಂಕ 1–2 ಇದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. 3ರಿಂದ ಮೇಲಕ್ಕೆ ರಕ್ಷಣೆ ಬೇಕು. 8ರಿಂದ 10 ಅತಿ ಹೆಚ್ಚು, 11 ಮತ್ತು ಮೇಲಿನದು ವಿಪರೀತ. ಬ್ರಿಸ್ಬೇನ್‌ನಲ್ಲಿ ಡಿಸೆಂಬರ್–ಜನವರಿಯ ಮಧ್ಯಾಹ್ನ 12ಕ್ಕೆ ಏರುವುದು ಮಾಮೂಲು, ಜೂನ್–ಜುಲೈ ಚಳಿಯಲ್ಲೂ ನಡುಹಗಲು 3 ಮುಟ್ಟುತ್ತದೆ. (ಮೆಲ್ಬರ್ನ್‌ನಲ್ಲಿ ನೆಂಟರಿದ್ದರೆ ಅವರ ಲೆಕ್ಕ ಬೇರೆ: ಅಲ್ಲಿ ಚಳಿಗಾಲದ ತಿಂಗಳುಗಳಲ್ಲಿ 3ರ ಕೆಳಗೇ ಉಳಿಯುತ್ತದೆ.) ಫೋನಿನಲ್ಲಿ ಸನ್‌ಸ್ಮಾರ್ಟ್ ಆ್ಯಪ್ ಹಾಕಿಕೊಳ್ಳಿ. ಆ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ರಕ್ಷಣೆ ಬೇಕು ಎಂದು ನಿಮ್ಮ ಊರಿನ ಹೆಸರಿನಲ್ಲೇ ತೋರಿಸುತ್ತದೆ. ಫೋನ್ ಕೈಯಲ್ಲಿಲ್ಲದಾಗ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಎಂದರ್ಥ. ತೆಳುಮೋಡವಿದ್ದರೆ ನಂಬಬೇಡಿ, ಅದನ್ನು ದಾಟಿ ಹೆಚ್ಚಿನ ಪಾಲು ಯುವಿ ಕೆಳಗೆ ಬರುತ್ತದೆ.

ಕಂದು ಚರ್ಮ ಎಷ್ಟು ಕಾಯುತ್ತದೆ?

ಸಾಕಷ್ಟು ಕಾಯುತ್ತದೆ, ಆದರೆ ಎಲ್ಲವನ್ನೂ ಅಲ್ಲ. ನಮ್ಮ ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್, ಪ್ರತಿ ಜೀವಕೋಶದ ಕೇಂದ್ರದ ಮೇಲೆ ಕೊಡೆ ಹಿಡಿದಂತೆ ಕೂತು ಒಳಗಿನ ಡಿಎನ್‌ಎಯನ್ನು ಕಾಯುತ್ತದೆ. ಆಸ್ಟ್ರೇಲಿಯಾದಲ್ಲಿ ಮೂವರಲ್ಲಿ ಇಬ್ಬರಿಗೆ 70 ತುಂಬುವುದರೊಳಗೆ ಯಾವುದಾದರೊಂದು ಚರ್ಮದ ಕ್ಯಾನ್ಸರ್ ಬರುತ್ತದೆ ಎಂದು ನೀವು ಕೇಳಿರಬಹುದು. ಆ ಲೆಕ್ಕದಲ್ಲಿರುವವರು ಬಹುಪಾಲು ಬಿಳಿ ಚರ್ಮದವರು. 1981ರಿಂದ ಅಲ್ಲಿ ನಡೆದುಕೊಂಡು ಬಂದಿರುವ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಅಭಿಯಾನವೂ (ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿ, ಟೋಪಿ ಹಾಕು) ಮುಖ್ಯವಾಗಿ ಅವರನ್ನು ಉಳಿಸಲು ಹುಟ್ಟಿದ್ದು. ಆ ಭಯವನ್ನು ಇದ್ದ ಹಾಗೇ ನಿಮ್ಮ ಮೈಗೆ ತಂದುಕೊಳ್ಳುವ ಅಗತ್ಯವಿಲ್ಲ. 2024ರಲ್ಲಿ ಅಲ್ಲಿನ ತಜ್ಞ ಸಂಸ್ಥೆಗಳು ಸೇರಿ ಹೊರಡಿಸಿದ ಸಲಹೆಯೇ ಜನರನ್ನು ಚರ್ಮದ ಬಣ್ಣ ನೋಡಿ ಮೂರು ಗುಂಪು ಮಾಡುತ್ತದೆ. ಕಡುಬಣ್ಣದವರಿಗೆ ದಿನನಿತ್ಯ ಸನ್‌ಸ್ಕ್ರೀನ್ ಬೇಕಿಲ್ಲ, ಎರಡು ಗಂಟೆಯೋ ಹೆಚ್ಚೋ ಹೊರಗಿರುವುದಾದರೆ ರಕ್ಷಣೆ ಮಾಡಿಕೊಳ್ಳಿ ಎನ್ನುತ್ತದೆ. ಭಾರತೀಯರಲ್ಲಿ ಗೋಧಿ ಬಣ್ಣದಿಂದ ಕಪ್ಪಿನವರೆಗೆ ಎಲ್ಲರೂ ಇದ್ದೇವೆ. ಒಂದೇ ಮನೆಯಲ್ಲಿ ತಾಯಿ ಮಧ್ಯದ ಗುಂಪಿಗೆ, ತಂದೆ ಕೊನೆಯ ಗುಂಪಿಗೆ ಸೇರಬಹುದು.

ಕಂದು ಚರ್ಮ ಸುಡುವುದೇ ಇಲ್ಲ ಎಂಬುದು ಮಾತ್ರ ಸುಳ್ಳು. ಸುಡುತ್ತದೆ, ಆದರೆ ಬಿಳಿಯರಂತೆ ಕೆಂಪಾಗಿ ಕಾಣುವುದಿಲ್ಲ. ಬೀಚಿನಿಂದ ಬಂದ ರಾತ್ರಿ ಹೆಗಲು ಬಿಗಿದಂತಾಗುತ್ತದೆ, ಮುಟ್ಟಿದರೆ ಬಿಸಿ, ಬ್ಲೌಸಿನ ಅಂಚು ತಾಗಿದರೆ ಉರಿ. ಮೂರು-ನಾಲ್ಕು ದಿನಕ್ಕೆ ಸಿಪ್ಪೆ ಏಳುತ್ತದೆ. 'ಸೆಕೆಗೆ ಹೀಗಾಯಿತು' ಎಂದು ಬಿಟ್ಟುಬಿಡುವ ಇದೇ ಸನ್‌ಬರ್ನ್. ಇನ್ನು ಮೆಲನಿನ್ ಚೆನ್ನಾಗಿ ಕಾಯದ ಜಾಗಗಳಿವೆ: ಕಣ್ಣು, ತುಟಿ. ಮತ್ತು ಮೆಲನಿನ್ ತಾನೇ ತೊಂದರೆಯಾಗುವ ಒಂದು ಕಾಯಿಲೆಯಿದೆ. ಅದೇ ನಿಮ್ಮ ಬಂಗು.

ಕಾರಿನೊಳಗೇ ಇದ್ದರೂ ಬಂಗು ಏಕೆ ಕಪ್ಪಾಯಿತು?

ಬಸುರಿನ ಹಾರ್ಮೋನುಗಳು ಬಣ್ಣ ಮಾಡುವ ಕೋಶಗಳನ್ನು ಎಬ್ಬಿಸಿ ಕೂರಿಸುತ್ತವೆ. ಆಮೇಲೆ ಸ್ವಲ್ಪ ಬೆಳಕು ಬಿದ್ದರೂ ಅವು ಬಣ್ಣ ಸುರಿಯುತ್ತವೆ. ಯುವಿಯಲ್ಲಿ ಯುವಿಬಿ, ಯುವಿಎ ಎಂದು ಎರಡು ಬಗೆ. ಮಾಮೂಲಿ ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎಯ ಬಹುಪಾಲನ್ನು ಒಳಗೆ ಬಿಡುತ್ತದೆ. ಕಾರಿನ ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಯುವಿಎಯನ್ನೂ ಹೆಚ್ಚುಕಡಿಮೆ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರ. ಅಲ್ಲಿಯೂ ನಮ್ಮಂತೆಯೇ ಚಾಲಕರು ಕೂರುವುದು ಬಲಕ್ಕೆ. ಕನ್ನಡಿ ಮುಂದೆ ನಿಂತು ಎರಡೂ ಕೆನ್ನೆ ಹೋಲಿಸಿ ನೋಡಿ. ಬಲಗೆನ್ನೆ, ಬಲ ಮುಂಗೈ ಕಪ್ಪಾಗಿದ್ದರೆ ಕಾರಣ ಆ ಕಿಟಕಿಯೇ. ಪಕ್ಕದ ಗಾಜಿಗೆ ಯುವಿ ತಡೆಯುವ ಫಿಲ್ಮ್ ಹಾಕಿಸಬಹುದು. ಎಷ್ಟು ಗಾಢ ಇರಬಹುದೆಂಬುದಕ್ಕೆ ಅಲ್ಲಿ ಕಾನೂನಿನ ಮಿತಿಯಿದೆ, ಅಂಗಡಿಯವರನ್ನು ಕೇಳಿ ಹಾಕಿಸಿ.

ಇನ್ನೊಂದು ವಿಷಯವನ್ನು ಬಹಳ ಜನ ತಿಳಿಯದೆ ಹಣ ಕಳೆದುಕೊಳ್ಳುತ್ತಾರೆ. ಕಂದು ಚರ್ಮದಲ್ಲಿ ಬಂಗನ್ನು ಕೆದಕುವುದು ಯುವಿ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು, ಅದರಲ್ಲೂ ನೀಲಿ ಭಾಗ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಎಷ್ಟೇ ದುಬಾರಿಯಾದರೂ ಈ ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್, ಅಂದರೆ ಕಾವಿಮಣ್ಣಿಗೆ ಬಣ್ಣ ಕೊಡುವ ಅದೇ ವಸ್ತು. ಹಾಗಾಗಿ ನೀವು ಕೊಳ್ಳಬೇಕಾದ್ದು ಟಿಂಟೆಡ್, ಅಂದರೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್. ಪಟ್ಟಿಯಲ್ಲಿ 'ಐರನ್ ಆಕ್ಸೈಡ್' ಎಂದೋ ಸಿಐ 77491, 77492, 77499 ಎಂಬ ಸಂಖ್ಯೆಗಳೋ ಇವೆಯೇ ನೋಡಿ. ನಿಮ್ಮ ಬಣ್ಣಕ್ಕೆ ಹೊಂದುವ ಛಾಯೆ ಆರಿಸಿಕೊಳ್ಳಿ. ಮುಖ ಬೂದಿ ಬಳಿದಂತೆ ಕಾಣುವ ಬಿಳಿ ಕ್ರೀಮನ್ನು ಯಾರೂ ಎರಡನೇ ವಾರ ಹಚ್ಚುವುದಿಲ್ಲ. ಬಂಗು ಇರುವ ತನಕ ಇದು ಪ್ರತಿದಿನದ ಕೆಲಸ. ಮನೆಯಲ್ಲೇ ಇದ್ದರೂ ಕಿಟಕಿ ಪಕ್ಕ ಕೂರುವವರಾದರೆ ಬೇಕು.

ಊರಿನಿಂದ ತಂದ ಕ್ರೀಮ್ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಹಚ್ಚಿದರೆ ತಿಳಿ, ಬಿಟ್ಟರೆ ಮತ್ತೆ ಎಂಬ ನಿಮ್ಮ ವಿವರಣೆ, ನಮ್ಮಲ್ಲಿ ಚೀಟಿಯಿಲ್ಲದೆ ಮಾರುವ ಮೂರು ಔಷಧಿಗಳ ಮಿಶ್ರಣಕ್ಕೆ ಹೊಂದುತ್ತದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್‌ನಂಥ ಒಂದು ಸ್ಟಿರಾಯ್ಡ್. ಟ್ಯೂಬಿನ ಮೇಲೆ ಈ ಹೆಸರುಗಳಿವೆಯೇ ಓದಿ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡ್ ಚರ್ಮವನ್ನು ತೆಳ್ಳಗಾಗಿಸುತ್ತದೆ, ಕೆಂಪು ನರಗಳು ಮೂಡುತ್ತವೆ, ಮೊಡವೆ ಏಳುತ್ತವೆ, ಬಿಸಿಲು ತಾಗಿದರೆ ಉರಿ. ಮೊಲೆ ಕುಡಿಸುತ್ತಿರುವಾಗಲಂತೂ ಅದು ಬೇಡ. ಆದರೆ ಬಹಳ ಕಾಲ ಹಚ್ಚಿದ್ದರೆ ಇವತ್ತೇ ಎಸೆದುಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ಮುಖ ಕೆರಳುತ್ತದೆ. ಟ್ಯೂಬನ್ನೇ ಜಿಪಿಗೆ ತೋರಿಸಿ, ಹೇಗೆ ಇಳಿಸಬೇಕೆಂದು ಕೇಳಿ. ಬದಲಿಗೆ ಅಜೆಲಾಯಿಕ್ ಆಮ್ಲದ ಕ್ರೀಮ್ ಹಾಲುಣಿಸುವವರಿಗೂ ಸುರಕ್ಷಿತವೆಂದು ಪರಿಗಣಿಸಲಾಗಿದೆ. ಕೆಲಸ ನಿಧಾನ, ಮೂರು-ನಾಲ್ಕು ತಿಂಗಳು ಬೇಕು. ಲೇಸರ್‌ಗೆ ಈಗಲೇ ಹೋಗಬೇಡಿ, ಕಂದು ಚರ್ಮದಲ್ಲಿ ಬಂಗು ಇನ್ನೂ ಕಪ್ಪಾಗುವ ಅಪಾಯವಿದೆ. ಗರ್ಭನಿರೋಧಕ ಮಾತ್ರೆ ಶುರುಮಾಡುವ ಯೋಚನೆಯಿದ್ದರೆ ಬಂಗು ಇದೆ ಎಂದು ಮೊದಲೇ ಹೇಳಿ. ಒಲೆಯ ಕಾವೂ ಬಂಗಿಗೆ ಹಿತವಲ್ಲ. ರೊಟ್ಟಿ ಸುಡುವಾಗ ಹಂಚಿನ ಮೇಲೆ ಮುಖ ಬಗ್ಗಿಸಬೇಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ.

ಸನ್‌ಸ್ಕ್ರೀನ್: ಎಷ್ಟು ಹಚ್ಚಬೇಕು?

ನೂರರಲ್ಲಿ ತೊಂಬತ್ತು ಜನ ತಪ್ಪುವುದು ಇಲ್ಲೇ ಎಂದರೆ ಉತ್ಪ್ರೇಕ್ಷೆಯಲ್ಲ. ಸನ್‌ಸ್ಕ್ರೀನ್‌ನ ರಕ್ಷಣೆಯನ್ನು ಎಸ್‌ಪಿಎಫ್ ಎಂದು ಅಳೆಯುತ್ತಾರೆ. ಎಸ್‌ಪಿಎಫ್ 30 ಯುವಿಬಿಯ ಸುಮಾರು 97 ಶೇಕಡಾ ತಡೆದರೆ 50 ತಡೆಯುವುದು 98. ಆದರೆ ಈ ಸಂಖ್ಯೆ ಬರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ದಪ್ಪಗೆ ಹಚ್ಚಿದಾಗ. ಸ್ನೋ ಹಚ್ಚುವಂತೆ ನಾಲ್ಕು ಚುಕ್ಕೆ ಇಟ್ಟು ಹರಡಿದರೆ ರಕ್ಷಣೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಒಂದು ಸಲ ಅಡುಗೆಮನೆಯ ಟೀ ಚಮಚದಲ್ಲೇ ಅಳೆದು ನೋಡಿ. ಮುಖ, ಕತ್ತು, ಕಿವಿ ಸೇರಿ ಒಂದು ಚಮಚ. ಒಂದೊಂದು ತೋಳಿಗೆ ಒಂದು, ಒಂದೊಂದು ಕಾಲಿಗೆ ಒಂದು, ಎದೆ-ಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಒಟ್ಟು ಏಳು ಚಮಚ, 35 ಮಿಲಿ. ಈಜುಡುಗೆಯಲ್ಲಿ ಬೀಚಿಗೆ ಹೋಗುವ ದೊಡ್ಡವರ ಲೆಕ್ಕವಿದು. ಸಲ್ವಾರ್ ಹಾಕಿದವರಿಗೆ ಮುಖಕ್ಕೊಂದು, ಮುಂಗೈ-ಪಾದಕ್ಕೊಂದು ಸಾಕು. ಮುಖಕ್ಕೆ ಸುಲಭದ ಅಳತೆ: ತೋರುಬೆರಳು, ನಡುಬೆರಳಿನ ಬುಡದಿಂದ ತುದಿಯವರೆಗೆ ಎರಡು ಗೆರೆ ಹಿಂಡಿ. 50 ಗ್ರಾಂ ಟ್ಯೂಬ್ ದಿನಾ ಮುಖಕ್ಕೆ ಬಳಸಿಯೂ ಆರು ತಿಂಗಳು ಬಂದರೆ ನೀವು ಹಚ್ಚುತ್ತಿರುವುದು ಸಾಲದು.

ಹೊರಗೆ ಹೋಗುವ 20 ನಿಮಿಷ ಮೊದಲು ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಈಜಿ ಬಂದು ಟವೆಲಿನಿಂದ ಒರೆಸಿಕೊಂಡರೆ ಆಗಲೇ. 'ನಾಲ್ಕು ಗಂಟೆ ವಾಟರ್ ರೆಸಿಸ್ಟೆಂಟ್' ಎಂದಿದ್ದರೂ ಎರಡು ಗಂಟೆಯ ನಿಯಮ ಬದಲಾಗುವುದಿಲ್ಲ. ಕಿವಿಯ ತುದಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ, ಬೈತಲೆ ಮರೆಯುವ ಜಾಗಗಳು. ಬ್ರಿಸ್ಬೇನ್‌ನ ಸೊಳ್ಳೆಗೆ ಕ್ರೀಮ್ ಹಚ್ಚುವುದಾದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಯದು. ಟ್ಯೂಬನ್ನು ಕಾರಿನಲ್ಲಿ ಬಿಡಬೇಡಿ, 30 ಡಿಗ್ರಿ ಮೀರಿದರೆ ಒಳಗಿನ ಮಿಶ್ರಣ ಒಡೆಯುತ್ತದೆ. ಹಿಂಡಿದಾಗ ನೀರು ಬೇರೆ, ಕ್ರೀಮ್ ಬೇರೆ ಬಂದರೆ ಎಸೆಯಿರಿ.

ಭಾರತದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕದ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ ಬಹುಪಾಲು ಸನ್‌ಸ್ಕ್ರೀನ್‌ಗಳನ್ನು ಔಷಧದಂತೆ ಟಿಜಿಎ ಎಂಬ ಸರ್ಕಾರಿ ಸಂಸ್ಥೆ ನಿಯಂತ್ರಿಸುತ್ತದೆ, ಟ್ಯೂಬಿನ ಮೇಲೆ 'ಆಸ್ಟ್ ಎಲ್' ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಊರಿನ ಟ್ಯೂಬಿನ ಮೇಲಿನ 'ಪಿಎ+++' ಯುವಿಎ ರಕ್ಷಣೆಯ ಗುರುತು. ಅಲ್ಲಿ ಅದರ ಬದಲು 'ಬ್ರಾಡ್ ಸ್ಪೆಕ್ಟ್ರಮ್' ಎಂದಿರುತ್ತದೆ. ತಂದಿರುವುದರ ಅವಧಿ ಮುಗಿದಿಲ್ಲದಿದ್ದರೆ ಬಳಸಿ ಮುಗಿಸಿ. ನಿಯಂತ್ರಣವಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದೂ ಅಲ್ಲ. 2025ರಲ್ಲಿ ಅಲ್ಲಿನ ಗ್ರಾಹಕ ಸಂಸ್ಥೆ ಚಾಯ್ಸ್ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆಗೆ ಹಾಕಿದಾಗ 16 ತಾವು ಬರೆದುಕೊಂಡ ಎಸ್‌ಪಿಎಫ್ ಮುಟ್ಟಲಿಲ್ಲ. ನಾನು ಬಟ್ಟೆ, ಟೋಪಿ, ನೆರಳಿಗೆ ಮೊದಲ ಸ್ಥಾನ, ಕ್ರೀಮಿಗೆ ಕೊನೆಯ ಸ್ಥಾನ ಕೊಡುವುದು ಇದಕ್ಕೇ. ಬಟ್ಟೆ ಎರಡು ಗಂಟೆಗೆ ಅಳಿಸಿಹೋಗುವುದಿಲ್ಲ.

ಆದರೆ ಎಲ್ಲ ಬಟ್ಟೆಯೂ ಒಂದೇ ಅಲ್ಲ. ಬಟ್ಟೆಯ ರಕ್ಷಣೆಯನ್ನು ಯುಪಿಎಫ್ ಎಂದು ಅಳೆಯುತ್ತಾರೆ. 50 ಎಂದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳುವಾದ ಬಿಳಿ ಹತ್ತಿ ಟೀ ಶರ್ಟಿನದು ಸುಮಾರು 5, ಒದ್ದೆಯಾದರೆ ಇನ್ನೂ ಕಡಿಮೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆ ಬದಿಯ ಕೈಬೆರಳು ಕಂಡರೆ ಯುವಿಯೂ ಬರುತ್ತದೆ. ಗಾಢ ಬಣ್ಣದ, ಒತ್ತು ನೇಯ್ಗೆಯ ಕೈಮಗ್ಗದ ಸೀರೆ ಒಳ್ಳೆಯ ರಕ್ಷಣೆ, ಬ್ಲೌಸಿನ ಬೆನ್ನು ಮತ್ತು ಸೊಂಟದ ಜಾಗ ಬಿಟ್ಟು. ಶಿಫಾನ್ ದುಪಟ್ಟಾ ಹೊದ್ದರೂ ಒಂದೇ, ಬಿಟ್ಟರೂ ಒಂದೇ.

ಮಗಳ ವಿಷಯ

ಶಾಲೆಯ ನಿಯಮಕ್ಕೆ ತಕರಾರು ಬೇಡ. 'ಟೋಪಿ ಇಲ್ಲದಿದ್ದರೆ ಆಟವಿಲ್ಲ' ಎಂಬುದು ಅಲ್ಲಿನ ಬಹುತೇಕ ಪ್ರಾಥಮಿಕ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ. ಬೇಸ್‌ಬಾಲ್ ಕ್ಯಾಪ್ ನಡೆಯುವುದಿಲ್ಲ, ಕಿವಿ-ಕತ್ತು ಬಯಲಾಗಿರುತ್ತವೆ. ಮಗಳ ಟೋಪಿಯ ಅಂಚು 5ರಿಂದ 6 ಸೆಂಟಿಮೀಟರ್, ನಿಮ್ಮದು ಕನಿಷ್ಠ 7.5 ಇರಲಿ. ಈಜಿಗೆ ಒದ್ದೆ ಟೀ ಶರ್ಟ್ ಬೇಡ, ಈಜಲೆಂದೇ ಮಾಡಿದ ತೋಳುದ್ದದ 'ರ‍್ಯಾಶ್ ವೆಸ್ಟ್' ಕೊಡಿಸಿ. ತಂಪುಕನ್ನಡಕ ಕೊಳ್ಳುವಾಗ ಆಟದ ಸಾಮಾನಿನ ಪಕ್ಕ ತೂಗುಹಾಕಿದ್ದನ್ನಲ್ಲ, ಲೇಬಲ್‌ನಲ್ಲಿ 2 ಅಥವಾ 3ನೇ ವರ್ಗ ಎಂದಿರುವುದನ್ನು ಆರಿಸಿ.

ನೀವು ಬರೆದಿಲ್ಲ, ಆದರೂ ನಮ್ಮ ಮನೆಗಳಲ್ಲಿ ಈ ಮಾತು ಬರುವುದರಿಂದ ಹೇಳುತ್ತೇನೆ. 'ಕಪ್ಪಾಗ್ತೀಯ, ಕ್ರೀಮ್ ಹಚ್ಚು' ಎಂದು ಮಗಳಿಗೆ ಹೇಳಬೇಡಿ. 'ಉರಿಯುತ್ತೆ, ಹಚ್ಚು' ಎನ್ನಿ. ಬೇಸಿಗೆಯಲ್ಲಿ ಬಣ್ಣ ಕಂದಿ ಚಳಿಗಾಲದಲ್ಲಿ ತಿಳಿಯಾಗುವುದು ರೋಗವಲ್ಲ. ಬಿಳಿಯ ಮಕ್ಕಳ ನಡುವೆ ಕೂರುವ ಹುಡುಗಿಗೆ ತನ್ನ ಬಣ್ಣವೇ ತಪ್ಪು ಎಂಬ ಭಾವನೆ ಮನೆಯಿಂದ ಹೋಗಬಾರದು.

ಯಜಮಾನರ ಕೆಲಸ

ನಿಮ್ಮ ಮನೆಯಲ್ಲಿ ಅತಿ ಹೆಚ್ಚು ಯುವಿ ಬೀಳುವುದು ಅವರ ಮೇಲೆ. ತಿಳಿಬಣ್ಣದ ತಗಡಿನ ಛಾವಣಿ ಕೆಳಗಿನಿಂದಲೂ ಬೆಳಕನ್ನು ಎಸೆಯುತ್ತದೆ, ಟೋಪಿಯ ಅಂಚಿನ ಕೆಳಗಿನಿಂದ ಅದು ಕಣ್ಣಿಗೆ ಬರುತ್ತದೆ. ದಿನಾ ಸಂಜೆ ಕೆಂಪಾಗುವ ಕಣ್ಣನ್ನು ಆಪ್ಟೊಮೆಟ್ರಿಸ್ಟ್‌ಗೆ ತೋರಿಸಿ. ಮೂಗಿನ ಕಡೆಯ ಬಿಳಿಗುಡ್ಡೆಯ ಮೇಲೆ ಕೆಂಪು ನರಗಳ ಮಾಂಸದ ಪೊರೆ ತ್ರಿಕೋನವಾಗಿ ಕಪ್ಪುಗುಡ್ಡೆಯತ್ತ ಹರಿಯುತ್ತಿದೆಯೇ ಎಂದು ಹತ್ತಿರದಿಂದ ನೋಡಿ. ಅದು ಟೆರಿಜಿಯಂ, ಬಿಸಿಲಿನಲ್ಲಿ ದುಡಿಯುವವರ ಕಾಯಿಲೆ, ಚರ್ಮದ ಬಣ್ಣ ಇದನ್ನು ತಪ್ಪಿಸುವುದಿಲ್ಲ. ಬೇಗ ಕಂಡರೆ ಕನ್ನಡಕದಿಂದ ಬೆಳವಣಿಗೆ ನಿಧಾನವಾಗಬಹುದು, ಹನಿಯಿಂದ ಉರಿ-ಕೆಂಪು ಕಡಿಮೆಯಾಗುತ್ತದೆ, ಕಪ್ಪುಗುಡ್ಡೆಯ ನಡುವಿಗೆ ಹರಿದರೆ ಶಸ್ತ್ರಚಿಕಿತ್ಸೆ. ಕೆಲಸಕ್ಕೆ ಬೇಕಾದ್ದು ಕೆನ್ನೆಗೆ ಒತ್ತಿ ಕೂರುವ, ಬದಿ ಮುಚ್ಚುವ, ಬಣ್ಣದ ಗಾಜಿನ ಸುರಕ್ಷತಾ ಕನ್ನಡಕ. ಎಎಸ್/ಎನ್‌ಝಡ್‌ಎಸ್ 1337 ಎಂಬ ಗುರುತಿರಲಿ.

ಹೆಲ್ಮೆಟ್‌ಗೆ ಸಿಕ್ಕಿಸುವ ಅಗಲ ಅಂಚು ಮತ್ತು ಕತ್ತು ಮುಚ್ಚುವ ಬಟ್ಟೆ ಸಿಗುತ್ತವೆ. ತೋಳುದ್ದದ ಅಂಗಿಯ ಕಾಲರ್ ಎತ್ತಿಕೊಳ್ಳಲಿ. ಮುಖ, ಮುಂಗೈಗೆ ಬೆಳಿಗ್ಗೆ ಒಮ್ಮೆ, 'ಸ್ಮೋಕೋ' ಎಂದು ಅಲ್ಲಿ ಕರೆಯುವ ಚಹಾ ಬಿಡುವಿನಲ್ಲಿ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ. ಹಚ್ಚಿದ ಅಂಗೈಯನ್ನು ಒರೆಸಿಕೊಂಡೇ ಏಣಿ ಮುಟ್ಟಲಿ, ಜಾರುತ್ತದೆ. ತುಟಿಗೆ ಎಸ್‌ಪಿಎಫ್ ಇರುವ ಲಿಪ್ ಬಾಮ್. ಬಿಸಿಲಿನಿಂದ ಕಾರ್ಮಿಕರನ್ನು ಕಾಯುವುದು ಅಲ್ಲಿ ಮಾಲೀಕರ ಕಾನೂನುಬದ್ಧ ಹೊಣೆ, ಕೇಳಲು ಸಂಕೋಚ ಬೇಡ. ಸ್ವಂತ ಹಣದಲ್ಲಿ ಕೊಂಡರೆ ರಸೀದಿ ಇಟ್ಟುಕೊಳ್ಳಲಿ. ಹೊರಾಂಗಣ ಕೆಲಸಗಾರರು ಸನ್‌ಸ್ಕ್ರೀನ್, ಟೋಪಿ, ತಂಪುಕನ್ನಡಕದ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದು.

ವಿಟಮಿನ್ ಡಿ ಮತ್ತು ಎಳೆಬಿಸಿಲು

ನಿಮ್ಮ 38 ಎಂಬ ಅಂಕಿ ನ್ಯಾನೋಮೋಲ್ ಲೆಕ್ಕದ್ದು. ಅಲ್ಲಿ 50 ಇದ್ದರೆ ಸಾಕೆನ್ನುತ್ತಾರೆ. ಬಳ್ಳಾರಿಯ ಲ್ಯಾಬ್ ನ್ಯಾನೋಗ್ರಾಂನಲ್ಲಿ ಕೊಡುತ್ತದೆ, ಆ ಲೆಕ್ಕದಲ್ಲಿ 20 ಸಾಕು. ಎರಡೂ ಒಂದೇ: ಊರಿನ ಅಂಕಿಯನ್ನು 2.5ರಿಂದ ಗುಣಿಸಿದರೆ ಅಲ್ಲಿನದು. ಊರಿನಲ್ಲಿದ್ದಾಗ 18 ಇತ್ತು, ಇಲ್ಲಿ 38ಕ್ಕೆ ಏರಿದೆ ಎಂದು ಖುಷಿಪಡುವವರಿದ್ದಾರೆ, ನಿಜದಲ್ಲಿ 45ರಿಂದ 38ಕ್ಕೆ ಇಳಿದಿರುತ್ತದೆ.

ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಯುವಿಬಿಯೇ ಬೇಕು. ಗಾಜಿನ ಹಿಂದೆ ಕೂತರೆ ಬಂಗು ಹೆಚ್ಚುತ್ತದೆ, ವಿಟಮಿನ್ ಮಾತ್ರ ಬರುವುದಿಲ್ಲ. ನಿಮಗೆ ಆಗಿರುವುದು ಸರಿಯಾಗಿ ಇದೇ. ಮೆಲನಿನ್ ಯುವಿಬಿಯನ್ನು ನುಂಗುವುದರಿಂದ ಬಿಳಿಯರಿಗೆ ಬೇಕಾದ ಹೊತ್ತಿನ ಮೂರರಿಂದ ಆರು ಪಟ್ಟು ನಮಗೆ ಬೇಕು. ಇದಕ್ಕೆ ದಾರಿ ಸುಲಭ: ಮುಖ ಮುಚ್ಚಿ, ತೋಳು-ಕಾಲು ಬಿಡಿ. ಮುಖಕ್ಕೆ ಟಿಂಟೆಡ್ ಕ್ರೀಮ್, ತಲೆಗೆ ಅಗಲ ಟೋಪಿ. ತೋಳು, ಮೊಣಕಾಲ ಕೆಳಗೆ ಏನೂ ಹಚ್ಚದೆ, ನಡುಹಗಲು ಬಿಟ್ಟು ಬೆಳಿಗ್ಗೆ ಅಥವಾ ಮಧ್ಯಾಹ್ನ ಇಳಿದ ಮೇಲೆ ವಾರದ ಬಹುತೇಕ ದಿನ 15–20 ನಿಮಿಷ ನಡೆಯಿರಿ. ವಿಟಮಿನ್ ಡಿಗೆ ಮುಖವೇ ಆಗಬೇಕೆಂದಿಲ್ಲ. 38ರಿಂದ ಮೇಲೇಳಲು ಇಷ್ಟೇ ಸಾಲದೆ ಹೋಗಬಹುದು, ಜಿಪಿ ಮಾತ್ರೆ ಹೇಳಿದರೆ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 1000 ಯೂನಿಟ್‌ನದು, ದಿನಕ್ಕೊಂದು. ಊರಿನಿಂದ ತರಿಸುವ 60,000 ಯೂನಿಟ್‌ನ ಪುಡಿಯನ್ನು ದಿನದ ಮಾತ್ರೆಯಂತೆ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡವರಿದ್ದಾರೆ. ಅದು ವೈದ್ಯರು ಹೇಳಿದಷ್ಟು ವಾರ, ವಾರಕ್ಕೊಂದು ಮಾತ್ರ. ಕಡುಬಣ್ಣದ ಚರ್ಮವಿದ್ದರೆ ಈ ಪರೀಕ್ಷೆಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಡುತ್ತದೆ, ಹಾಗಾಗಿ ಮೂರು ತಿಂಗಳ ನಂತರ ಮತ್ತೆ ಮಾಡಿಸಲು ಕೇಳಬಹುದು.

ನಿಮ್ಮಲ್ಲಿ ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆ. ಆದ್ದರಿಂದ ಮಗನಿಗೆ ವಿಟಮಿನ್ ಡಿ ಹನಿ ಬೇಕು: ಎದೆಹಾಲು ಕುಡಿಯುವ ಇಂಥ ಮಕ್ಕಳಿಗೆ ದಿನಕ್ಕೆ 400 ಯೂನಿಟ್, ಒಂದು ವರ್ಷದವರೆಗೆ. ಒಂದು ಹನಿಗೆ 400 ಇರುವ ಬಾಟಲಿಯೂ ಇದೆ, ಅರ್ಧ ಮಿಲಿಗೆ 400 ಇರುವುದೂ ಇದೆ. ಲೇಬಲ್ ಓದದೆ ಹಾಕಬೇಡಿ.

ಅತ್ತೆಯವರಿಗೆ ಹೀಗೆ ಹೇಳಿ: ಎಣ್ಣೆ ತಿಕ್ಕುವುದನ್ನು ಯಾರೂ ಬೇಡ ಅನ್ನುವುದಿಲ್ಲ, ಕೂಸು ಹಾಯಾಗಿ ನಿದ್ದೆ ಮಾಡುತ್ತದೆ. ಎಳೆಬಿಸಿಲಿನಲ್ಲಿ ಯುವಿಬಿ ತೀರಾ ಕಡಿಮೆ, ವಿಟಮಿನ್‌ಗೆ ಅದು ಸಾಲದು. ಅಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಐದಕ್ಕೆ ಮೊದಲೇ ಹುಟ್ಟುತ್ತಾನೆ, ಎಂಟು ಗಂಟೆಯೊಳಗೆ ಸೂಚ್ಯಂಕ 3 ದಾಟಿರುತ್ತದೆ, ಆಗ ಅದು ಎಳೆಯದಾಗಿ ಉಳಿದಿರುವುದಿಲ್ಲ. ಊರಿನ ಗಡಿಯಾರ ಅಲ್ಲಿಗೆ ಹೊಂದುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಮೈತುಂಬ ಹಚ್ಚುವುದಿಲ್ಲ, ನೆರಳು ಮತ್ತು ಮೈಮುಚ್ಚುವ ಹತ್ತಿ ಬಟ್ಟೆಯೇ ರಕ್ಷಣೆ. ಪ್ರ್ಯಾಮ್ (ಕೂಸಿನ ತಳ್ಳುಗಾಡಿ) ಮೇಲೆ ಸೀರೆಯನ್ನೋ ಕಂಬಳಿಯನ್ನೋ ಹೊದಿಸಬೇಡಿ, ಒಳಗೆ ಗಾಳಿಯಾಡದೆ ಕೆಲವೇ ನಿಮಿಷಗಳಲ್ಲಿ ಕಾವು ಏರುತ್ತದೆ. ಜಾಲರಿ ಇರುವ ಹೊದಿಕೆ ಸಿಗುತ್ತದೆ. ಸೆಕೆಯಾದರೆ ನೀರಲ್ಲ, ಹೆಚ್ಚು ಸಲ ಹಾಲು.

ಕೊಬ್ಬರಿ ಎಣ್ಣೆಯಾಗಲಿ ಅರಿಶಿನವಾಗಲಿ ಸನ್‌ಸ್ಕ್ರೀನ್ ಅಲ್ಲ. ಎರಡು ವಸ್ತುಗಳಂತೂ ಬಿಸಿಲಿನೊಂದಿಗೆ ಸೇರಿದರೆ ಸುಡುತ್ತವೆ. ಒಂದು, ನಿಂಬೆರಸ. ಹಿತ್ತಲಿನಲ್ಲಿ ಕೂತು ಉಪ್ಪಿನಕಾಯಿಗೆ ನಿಂಬೆ ಹಿಂಡಿ ಕೈತೊಳೆಯದೆ ಬಿಸಿಲಿನಲ್ಲಿದ್ದರೆ, ಒಂದೆರಡು ದಿನಕ್ಕೆ ರಸ ಹರಿದ ಗೆರೆಯಲ್ಲೇ ಬೊಬ್ಬೆ ಏಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಂದುಪಟ್ಟೆ. ಇನ್ನೊಂದು, ತೊನ್ನಿಗೆ ಹಚ್ಚುವ ಬಾವಂಚಿ ಬೀಜದ ಎಣ್ಣೆ. ಅದರಲ್ಲಿರುವ ಸೊರಲೆನ್ ಯುವಿಎಗೆ ಚರ್ಮವನ್ನು ವಿಪರೀತ ಸೂಕ್ಷ್ಮವಾಗಿಸುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯೂ, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಇದೇ ಜಾತಿ. ಅತ್ತೆಯವರ ಬಿಪಿ ಮಾತ್ರೆಯ ಹಾಳೆಯ ಹಿಂಭಾಗ ಓದಿ ನೋಡಿ. ಇದ್ದರೆ ತಾವಾಗಿ ನಿಲ್ಲಿಸದೆ ಜಿಪಿಯನ್ನು ಕೇಳಿ.

ಕೊನೆಯದಾಗಿ ಕ್ಯಾನ್ಸರ್. ಕಂದು ಚರ್ಮದವರಿಗೆ ಮೆಲನೋಮ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಅಪರೂಪ. ಬಂದರೆ ಹೆಚ್ಚಾಗಿ ಬಿಸಿಲು ಕಾಣದ ಜಾಗದಲ್ಲಿ: ಅಂಗಾಲು, ಅಂಗೈ, ಉಗುರಿನ ಅಡಿ. ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ, ಕಣ್ಣಿಟ್ಟು ನೋಡಿ ಬೇಗ ಪತ್ತೆ ಮಾಡುವುದೇ ದಾರಿ. ಅಂಗಾಲಿನಲ್ಲಿ ಹೊಸದಾಗಿ ಮೂಡಿ ಹರಡುತ್ತಿರುವ ಕಪ್ಪುಮಚ್ಚೆ, ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪುಗೆರೆ, ತಿಂಗಳಾದರೂ ಮಾಯದ ಹುಣ್ಣು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಎದ್ದ ಗಂಟು, ಇವುಗಳಲ್ಲಿ ಯಾವುದು ಕಂಡರೂ ಆ ವಾರವೇ ಜಿಪಿಗೆ ತೋರಿಸಿ. ಬಣ್ಣದವರಿಗೆ ಇದು ಬರುವುದಿಲ್ಲ ಎಂದು ಯಾರಾದರೂ ಹೇಳಿದರೂ ಡರ್ಮಟೊಸ್ಕೋಪಿನಲ್ಲಿ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ನೋಡಲು ಕೇಳಿ. ಎರಡು ತಿಂಗಳಿಗೊಮ್ಮೆ ಭಾನುವಾರ ಎಣ್ಣೆಸ್ನಾನ ಮಾಡುವಾಗ ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿದರೆ ಸಾಕು. ಮೊದಲು ಅತ್ತೆಯವರ ಪಾದ ನೋಡಿ, ಅವರಿಗೆ ಬಗ್ಗಿ ನೋಡಿಕೊಳ್ಳುವುದು ಕಷ್ಟ.